ತಕ್ಕಡಿಯಿಂದ ಇಳಿದ ಮೇಲೆ ಒಂದು ಮುಷ್ಟಿ

ಅಖ್ತರ್ ಸಾಹೇಬರ ಅಂಗಡಿಯಲ್ಲಿ ಬೇಳೆ ಕೊಳ್ಳುವುದು ಅವಸರದ ಕೆಲಸವಲ್ಲ. ಅವರು ಡ್ರಮ್ಮಿನಿಂದ ಬೇಳೆ ಮೊಗೆದು, ಕಾಗದದ ಚೀಲಕ್ಕೆ ಸುರಿದು, ತಕ್ಕಡಿಯ ಮೇಲಿಟ್ಟು, ಹಸಿರು ಅಂಕಿಗಳು ಓಡಾಡಿ ನಿಲ್ಲುವ ತನಕ ಕೈ ಕಟ್ಟಿಕೊಂಡು ಕಾಯುತ್ತಿದ್ದರು. ಅಂಕಿ ನಿಂತ ಮೇಲೆ ತಕ್ಕಡಿಯ ಮುಖವನ್ನು ನಮ್ಮ ಕಡೆ ತಿರುಗಿಸಿ, "ನೋಡ್ರಿ, ಸರಿ ಐತಿಲ್ಲ?" ಎನ್ನುವರು. ನಾವು ಹೂಂ ಅನ್ನಲೇಬೇಕು. ಆಮೇಲೆ ಚೀಲವನ್ನು ಕೆಳಗಿಳಿಸಿ, ಮತ್ತೆ ಡ್ರಮ್ಮಿಗೆ ಕೈ ಹಾಕಿ, ಒಂದು ಮುಷ್ಟಿ ಬೇಳೆ ತಂದು ಚೀಲಕ್ಕೆ ಬಿಟ್ಟು ಅದರ ಬಾಯಿ ಮಡಚುವರು. ಆ ಮುಷ್ಟಿಗೆ ದುಡ್ಡಿಲ್ಲ. ಅದು ಕೊಸರು.

"ತಕ್ಕಡಿ ಮೇಲಿದ್ದಾಗಲೇ ಹಾಕ್ಬಿಡಬಹುದಲ್ವಾ ಸಾಹೇಬ್ರೇ? ಎರಡು ಸಲ ಯಾಕೆ ಬಗ್ತೀರಾ?" ಎಂದು ಹೊಸತರಲ್ಲಿ ನಾನು ಕೇಳಿದ್ದುಂಟು.

"ತಕ್ಕಡಿ ಮ್ಯಾಲ ಹಾಕಿದ್ದು ಲೆಕ್ಕಕ್ಕ ಹೋಗತೈತಿ ತಂಗಿ. ಇಳದ ಮ್ಯಾಲ ಹಾಕಿದ್ದಕ್ಕ ಕೊಸರು ಅಂತಾರ," ಎಂದು ಅವರು, ಅಷ್ಟೂ ತಿಳಿಯದೇ ಎನ್ನುವಂತೆ, ನನ್ನನ್ನು ಬಿಟ್ಟು ಸ್ಟ್ರಾಲರಿನಲ್ಲಿದ್ದ ನನ್ನ ಕೂಸಿಗೆ ಹೇಳಿದ್ದರು.

ನಾವು ಅಮೆರಿಕದ ಫ್ರೀಮಾಂಟಿಗೆ ಬಂದಿದ್ದು ತೊಂಬತ್ತೇಳರಲ್ಲಿ. ಗಂಡ ಶೇಷಗಿರಿಗೆ ಕೊಲ್ಲಿಯ ಆಚೆ ದಂಡೆಯಲ್ಲಿ ಆಫೀಸು. ಬೆಳಿಗ್ಗೆ ಸೇತುವೆಯ ಟ್ರಾಫಿಕ್ಕಿಗೆ ಸಿಕ್ಕಿದವರು ಸಂಜೆ ಅದೇ ಟ್ರಾಫಿಕ್ಕಿನಿಂದ ಬಿಡಿಸಿಕೊಂಡು ಮನೆಗೆ ಬರುತ್ತಿದ್ದರು. ನನ್ನ ವೀಸಾದಲ್ಲಿ ಕೆಲಸಕ್ಕೆ ಹೋಗುವಂತಿರಲಿಲ್ಲ. ಮಗಳು ವಿಭಾ ಹುಟ್ಟಿದ ಮೇಲೆ ಅವಳನ್ನು ಕೂರಿಸಿಕೊಂಡು ಎಲಿಜಬೆತ್ ಕೆರೆ ಸುತ್ತುವುದೇ ನನ್ನ ಬೆಳಗಿನ ಆಫೀಸಾಯಿತು. ಅವಳು ನಿದ್ದೆ ಹೋಗಬೇಕಾದರೆ ಗಾಲಿ ಉರುಳುತ್ತಿರಬೇಕು, ಗಾಲಿ ಉರುಳಬೇಕಾದರೆ ದಾರಿ ಬೇಕು, ದಾರಿ ಕೆರೆಯ ಸುತ್ತ ಚೆನ್ನಾಗಿತ್ತು. ಸುತ್ತು ಮುಗಿಯುವಲ್ಲಿ ರಸ್ತೆ ದಾಟಿದರೆ ಒಂದು ಸಣ್ಣ ಪ್ಲಾಜಾ: ಲಾಂಡ್ರಿ, ಹಲ್ಲಿನ ಡಾಕ್ಟರು, ಡೋನಟ್ ಅಂಗಡಿ, ಕೊನೆಗೆ ಅಖ್ತರ್ ಸಾಹೇಬರದು. ಬೋರ್ಡಿನಲ್ಲಿ ಇನ್ನೇನೋ ಇಂಗ್ಲಿಷ್ ಹೆಸರಿತ್ತು. ಕನ್ನಡದವರೆಲ್ಲ ಕರೆಯುತ್ತಿದ್ದುದು ಕೆರೆ ಅಂಗಡಿ ಎಂದೇ.

ಸ್ಟ್ರಾಲರಿನ ಬುಟ್ಟಿಯಲ್ಲಿ ಹೆಚ್ಚು ಹಿಡಿಸುತ್ತಿರಲಿಲ್ಲ. ಹಾಗಾಗಿ ಇವತ್ತು ಅರ್ಧ ಪೌಂಡು ಹೆಸರುಬೇಳೆ, ನಾಳೆ ಒಂದಿಷ್ಟು ರವೆ ಎಂದು ದಿನವೂ ಹೋಗುತ್ತಿದ್ದೆ. "ದಿನಾ ಅರ್ಧರ್ಧ ಪೌಂಡು ತಂದ್ರೆ ದಿನಾ ಕೊಸರು ಸಿಗತ್ತೆ ಅನ್ನೋ ಪ್ಲಾನಾ?" ಎಂದು ಶೇಷಗಿರಿ ರೇಗಿಸುತ್ತಿದ್ದರು. ಪ್ಲಾನೇನೂ ಇರಲಿಲ್ಲ. ಸಂಜೆ ಗಂಡ ಬರುವ ತನಕ ನಾನು ಕನ್ನಡದಲ್ಲಿ ಮಾತಾಡುವ ದೊಡ್ಡವರು ಅವರಿಬ್ಬರೇ, ಅಖ್ತರ್ ಸಾಹೇಬರು ಮತ್ತು ಅವರ ಹೆಂಡತಿ ಜರೀನಾ ಆಪಾ. ವಿಭಾ ಅಕ್ಕಿ ಮೂಟೆಗಳ ನಡುವೆ ನಿದ್ದೆ ಮಾಡುತ್ತಿದ್ದಾಗ, ಗಿರಾಕಿಯಿಲ್ಲದ ಆ ಹೊತ್ತಿನಲ್ಲಿ ಅವರು ಹೇಳಿದ ಕಥೆಯನ್ನೇ ನಾನು ಮನೆಗೆ ಹೋಗಿ ದಿನಚರಿಯಲ್ಲಿ ತುಂಡುತುಂಡಾಗಿ ಬರೆದಿಡುತ್ತಿದ್ದೆ. ತುಂಡುಗಳನ್ನು ಜೋಡಿಸಿದರೆ ಹೀಗಾಗುತ್ತದೆ.

ಅಖ್ತರ್ ಸಾಹೇಬರು ಹುಟ್ಟಿದ್ದು ಗದಗಿನಲ್ಲಿ. ಅವರ ತಂದೆಗೆ ಕೆರೆಯ ದಂಡೆಗೆ ಹತ್ತಿದಂತೆ ಕಾಳಿನ ಅಂಗಡಿ: ಜೋಳ, ಕಡಲೆ, ಹೆಸರು, ತೊಗರಿ. ಮಕ್ಕಳಲ್ಲಿ ಕಿರಿಯರಾದ ಇವರಿಗೆ ಸಿಕ್ಕ ಕೆಲಸವೆಂದರೆ ಗಿರಾಕಿಯ ಚೀಲದ ಬಾಯಿಯನ್ನು ಅಗಲ ಮಾಡಿ ಹಿಡಿಯುವುದು. ತಂದೆಯ ಕೈ ಮೊರದಷ್ಟು ದೊಡ್ಡದು. ಆ ಕೈಯ ಕೊಸರಿಗಾಗಿ ಬೆಟಗೇರಿಯಿಂದ ನಡೆದು ಬರುವವರೂ ಇದ್ದರಂತೆ. ಚೀಲ ಹಿಡಿದು ಹಿಡಿದು ಬೇಸತ್ತ ಹುಡುಗ ಒಮ್ಮೆ ಕೇಳಿದ, ತೂಕ ಸರಿ ಇದ್ದ ಮೇಲೆ ಮತ್ತೆ ಯಾಕೆ ಹಾಕುತ್ತೀರಿ ಎಂದು. ತಂದೆ ಹೇಳಿದರು: "ತೂಕದಾಗ ಕಲ್ಲು ಸವದಿರಬಹುದು, ಗಾಳಿ ಬಿಟ್ಟಿರಬಹುದು, ನನ್ನ ಬೆರಳು ತಟ್ಟಿಗೆ ತಾಗಿರಬಹುದು. ನನಗ ಗೊತ್ತಿಲ್ದ ಯಾರದರ ಕಾಳು ನನ್ನ ಕಡೆ ಉಳಕೊಂಡಿದ್ರ? ನಾಳೆ ಮ್ಯಾಲ ಹೋದಾಗ ಮೊದ್ಲ ತಕ್ಕಡೀನ ಕೇಳ್ತಾರ. ಈ ಮುಷ್ಟಿ ಅದಕ್ಕ." ಹುಡುಗನಿಗೆ ಅದು ನಾಟಿತು. ಆದರೆ ಅಂಗಡಿ ಅಣ್ಣಂದಿರ ಪಾಲಿಗೆ ಹೋಯಿತು.

ಜರೀನಾ ಆಪಾರ ಅಣ್ಣ ಓಕ್ಲ್ಯಾಂಡಿನಲ್ಲಿದ್ದ. ಅವನು ಕರೆಸಿಕೊಂಡಿದ್ದರಿಂದ ಗಂಡಹೆಂಡಿರು ಇಲ್ಲಿಗೆ ಬಂದರು. ಅಖ್ತರ್ ಸಾಹೇಬರು ಬಂದರಿನ ಗೋದಾಮೊಂದರಲ್ಲಿ ಬಹಳ ಕಾಲ ಪೆಟ್ಟಿಗೆ ಎತ್ತಿಳಿಸಿದರು. ಒಂದು ದಿನ ಕಂಟೇನರಿನೊಳಗೆ ಚೀಲವೊಂದು ಹರಿದು ಕಡಲೆಬೇಳೆ ನೆಲಕ್ಕೆ ಸುರಿಯಿತು. "ಬಗ್ಗಿ ಒಂದು ಮುಷ್ಟಿ ತಗೊಂಡೆ ತಂಗಿ. ಮೂಗಿನ ಹತ್ರ ಹಿಡದೆ. ಅಲ್ಲೇ ಕುಂತುಬಿಟ್ಟೆ. ಸುಪರ್‌ವೈಸರ್ ಬಂದು, ಎದಿ ನೋವು ಏನು, ಅಂತ ಕೇಳಿದ."

ಅಲ್ಲಿಂದ ಮುಂದೆ ಭಾನುವಾರಗಳಂದು ಹಳೆಯ ಸ್ಟೇಷನ್ ವ್ಯಾಗನ್ನಿನ ಹಿಂದೆ ಚೀಲಗಳನ್ನು ಹೇರಿಕೊಂಡು ಫ್ರೀಮಾಂಟಿಗೆ ಬಂದು, ನಮ್ಮವರಿದ್ದ ಅಪಾರ್ಟ್‌ಮೆಂಟುಗಳ ಪಾರ್ಕಿಂಗಿನಲ್ಲಿ ನಿಂತು ಮಾರತೊಡಗಿದರು. ಆಗ ಇಲ್ಲಿ ಕನ್ನಡದ ಮನೆಗಳು ಬೆರಳೆಣಿಕೆಯವು. ಯಾರಿಗೆ ಸೋನಾಮಸೂರಿ, ಯಾರಿಗೆ ಜೋಳದ ಹಿಟ್ಟು, ಯಾರಿಗೆ ಕುಕ್ಕರಿನ ಗ್ಯಾಸ್ಕೆಟ್ಟು ಎನ್ನುವುದೆಲ್ಲ ಅವರಿಗೆ ಬಾಯಿಪಾಠ. ಅಂಗಡಿ ಹಿಡಿಯುವ ಹೊತ್ತಿಗೆ ಬ್ರೋಕರು ದೊಡ್ಡ ರಸ್ತೆಯಲ್ಲಿ, ಬಸ್ಸು ನಿಲ್ಲುವ ಜಾಗದ ಪಕ್ಕ ಒಂದು ಮಳಿಗೆ ತೋರಿಸಿದ. ದಾರಿಯಲ್ಲಿ ಈ ಪ್ಲಾಜಾದ ಎದುರು ನೀರು ಕಂಡಿತು. ಸಾಹೇಬರು ಕಾರು ನಿಲ್ಲಿಸಲು ಹೇಳಿದರು.

"ನೀರು ನೋಡಿ ಅಂಗಡಿ ಹಿಡದ್ರು," ಎಂದು ಜರೀನಾ ಆಪಾ ಈ ಕಥೆ ಬಂದಾಗಲೆಲ್ಲ ಹೇಳುವರು. "ನಾ ಕೇಳಿದೆ, ಗಿರಾಕಿ ಏನು ಬಾತುಕೋಳಿ ಏನ್ರೀ ಅಂತ."

ಅವರ ಮನೆಮಾತು ಉರ್ದು. ಆದರೆ ಅಂಗಡಿಯಲ್ಲಿ ಗಂಡನ ಮೇಲೆ ದೂರಿದ್ದಾಗ ಆಪಾ ಕನ್ನಡಕ್ಕೆ ಹೊರಳುತ್ತಿದ್ದರು, ಗಿರಾಕಿಗಳು ಸಾಕ್ಷಿಯಾಗಿರಲೆಂದು.

ಮೊದಲ ವರ್ಷ ಕೌಂಟಿಯ ತೂಕ ಅಳತೆಯ ಇನ್ಸ್‌ಪೆಕ್ಟರು ಸಾಮಾನ್ಯ ಗಿರಾಕಿಯ ಹಾಗೆ ಬಂದು ಒಂದು ಪೌಂಡು ತೊಗರಿಬೇಳೆ ಕೊಂಡು ಹೊರಗೆ ನಿಂತ ವ್ಯಾನಿನಲ್ಲಿ ತೂಗಿದನಂತೆ. ಜಾಸ್ತಿ ಬಂತು. ಒಳಗೆ ಬಂದು ಅಂಗಡಿಯ ತಕ್ಕಡಿಯನ್ನು ತನ್ನ ಕಲ್ಲುಗಳಿಂದ ಪರೀಕ್ಷಿಸಿದ. ಅದು ಸರಿಯಾಗಿತ್ತು. ಹಾಗಾದರೆ ಇದೇನು ಎಂದು ಕೇಳಿದ. ಸಾಹೇಬರು ತಮಗೆ ಬರುವ ಇಂಗ್ಲಿಷಿನಲ್ಲಿ ಗದಗಿನ ಕೆರೆ, ಅಪ್ಪನ ಕೈ, ಮೇಲೆ ಹೋದಾಗ ಕೇಳುವ ಪ್ರಶ್ನೆ ಎಲ್ಲವನ್ನೂ ವಿವರಿಸಿದರು. ಅವನು ಪೂರ್ತಿ ಕೇಳಿ, ಕಡಿಮೆ ಕೊಟ್ಟರಷ್ಟೇ ತನ್ನ ಕೆಲಸ ಎಂದು ಹೇಳಿ, ತಕ್ಕಡಿಗೆ ಸ್ಟಿಕರ್ ಅಂಟಿಸಿ ಹೋದ.

ಜರೀನಾ ಆಪಾರ ಕೈ ಬೇರೆ ತರಹದ್ದು. ಅವರು ಮೊಗೆದರೆ ತಕ್ಕಡಿಯ ಅಂಕಿ ಒಂದೇ ಸಲಕ್ಕೆ ಬಂದು ನಿಲ್ಲುತ್ತಿತ್ತು. ಹೆಚ್ಚಿಲ್ಲ, ಕಡಿಮೆಯಿಲ್ಲ, ಕೊಸರೂ ಇಲ್ಲ. "ಅವರು ಕೊಡೂದು ಇಬ್ಬರದೂ ಸೇರಿಸಿ ಸಾಕಾಗತೈತಿ," ಎನ್ನುತ್ತಿದ್ದರು. ಶನಿವಾರ ಅಂಗಡಿ ತುಂಬಿದಾಗ ಸಾಹೇಬರ ಮುಂದಿನ ಸಾಲು ಬಾಗಿಲ ತನಕ ಹೋಗುತ್ತಿತ್ತು. ಆಪಾರ ಮುಂದೆ ಅವಸರವಿದ್ದವರು ಮಾತ್ರ.

ಅಂಗಡಿಯ ಬಾಗಿಲು ವಾರದ ಏಳೂ ದಿನ ತೆರೆದಿರುತ್ತಿತ್ತು. ಮಗಳು ಯುಸ್ರಾ ಕಾರಿನಲ್ಲಿ ಒಂದು ಗಂಟೆ ದೂರದ ಗಿಲ್‌ರಾಯಿನಲ್ಲಿ ಮನೆ ಮಾಡಿಕೊಂಡು, ಬನ್ನಿ ಬನ್ನಿ ಎಂದು ಪ್ರತಿವಾರ ಫೋನು ಮಾಡುತ್ತಿದ್ದಳು. ಈದ್ ಬಿಟ್ಟರೆ ಹೋಗುವುದೇ ಆಗುತ್ತಿರಲಿಲ್ಲ. ಇಷ್ಟು ವರ್ಷ ಕೆರೆಯ ಎದುರಿಗೇ ನಿಂತು ಬೇಳೆ ತೂಗಿದ ಆಪಾ ಒಂದು ದಿನವೂ ಕೆರೆ ಸುತ್ತಿರಲಿಲ್ಲ ಎಂದು ನನಗೆ ಗೊತ್ತಾಗಿದ್ದು ನಾನೇ ಪೆದ್ದಳಂತೆ, "ಆಚೆ ದಡದ ವಿಲೋ ಮರಗಳು ಚಿಗುರಿದಾವೆ ನೋಡಿದ್ರಾ?" ಎಂದು ಕೇಳಿದಾಗ.

"ಆಚೆ ದಡಿ ನಾ ಯಾವಾಗ ನೋಡ್ಲಿ, ತಂಗಿ?" ಎಂದರು. ಕೋಪವೇನೂ ಇರಲಿಲ್ಲ. ಮೊಣಕಾಲು ಉಜ್ಜಿಕೊಳ್ಳುತ್ತಿದ್ದರು.

ತೊಂಬತ್ತೊಂಬತ್ತರ ಬೇಸಿಗೆಯಲ್ಲಿ ತರುಣ್ ಬಂದ. ಬ್ಯಾಚುಲರ್ ಆಗಿದ್ದಾಗ ಈ ಅಂಗಡಿಯ ಅವಲಕ್ಕಿಯಲ್ಲೇ ಬದುಕಿದ್ದ ಬೆಂಗಳೂರಿನ ಹುಡುಗ. ಈಗ ಕೆಲಸ ಬಿಟ್ಟು ಡಾಟ್ ಕಾಮ್ ಶುರು ಮಾಡಿದ್ದ. ಅಮೆರಿಕದ ಯಾವ ಮೂಲೆಯಿಂದ ಕ್ಲಿಕ್ ಮಾಡಿದರೂ ನಮ್ಮ ದಿನಸಿ ಮನೆಬಾಗಿಲಿಗೆ. ಆ ವರ್ಷ ಫ್ರೀಮಾಂಟಿನಲ್ಲಿ ಯಾರನ್ನು ಕೇಳಿದರೂ ಇಂಥದ್ದೇ ಒಂದನ್ನು ಹೇಳುತ್ತಿದ್ದರು, ಹಾಗಾಗಿ ಯಾರಿಗೂ ಇದು ವಿಚಿತ್ರ ಅನ್ನಿಸಲಿಲ್ಲ.

"ಸಾಹೇಬ್ರೇ, ವೆಬ್‌ಸೈಟು ನಂದು, ಬೇಳೆ ನಿಮ್ದು," ಎಂದ, ಕಂಪನಿಯ ಟೀಶರ್ಟ್ ಕೊಡುತ್ತ. "ನೀವು ಪ್ಯಾಕ್ ಮಾಡಿ ಕೊಟ್ಬಿಡಿ. ನಮ್ಮ ವ್ಯಾನು ಬಂದು ಓಕ್ಲ್ಯಾಂಡಿನ ವೇರ್‌ಹೌಸಿಗೆ ತಗೊಂಡು ಹೋಗುತ್ತೆ. ನ್ಯೂ ಇಯರ್ ತನಕ ಟ್ರಯಲ್ಲು. ಆಮೇಲೆ ವಾಲ್ಯೂಮ್ ಜಾಸ್ತಿ ಆಗುತ್ತೆ, ಕೌಂಟರ್ ಕ್ಲೋಸ್ ಮಾಡಿ ಪೂರ್ತಿ ಪ್ಯಾಕಿಂಗೇ ಇಟ್ಕೋಬೇಕು."

"ಕೌಂಟರ್ ಬಂದ್?" ಎಂದರು ಸಾಹೇಬರು.

"ಜಾಗ ಎಲ್ಲಿದೆ ಸಾಹೇಬ್ರೇ? ಇಲ್ಲೆಲ್ಲಾ ಟೇಬಲ್ಲು ಬರ್ಬೇಕು. ಆದ್ರೆ ಮಂಡೇ ಟು ಫ್ರೈಡೇ ಅಷ್ಟೇ. ವೀಕೆಂಡು ನಿಮಗೆ ರಜ."

ಸಾಹೇಬರು ಹೇಳುವುದನ್ನು ಕಾಯದೆ ಜರೀನಾ ಆಪಾ ಕೌಂಟರಿನ ಹಿಂದಿನಿಂದ ಈಚೆ ಬಂದರು. "ಶನಿವಾರ ಇರೂದಿಲ್ಲ?"

"ಇಲ್ಲ ಆಪಾ."

"ಆಯ್ತಪಾ ತಮ್ಮಾ. ನಾವು ಮಾಡ್ತೀವಿ," ಎಂದುಬಿಟ್ಟರು.

ಸಾಹೇಬರು ಹೆಂಡತಿಯ ಮುಖ ನೋಡಿದರು. ಆ ಮುಖದಲ್ಲಿ ಏನು ಕಂಡರೋ, ಬೇಡ ಎನ್ನಲಿಲ್ಲ. ಆದರೆ ಅವತ್ತು ಮಧ್ಯಾಹ್ನ ಕೊನೆಯ ಗಿರಾಕಿ ಹೋದ ಮೇಲೂ ಅವರು ಕೌಂಟರಿನ ಮರವನ್ನು ಒರೆಸುತ್ತಲೇ ಇದ್ದರು, ತರುಣ್ ಕೊಟ್ಟ ಟೀಶರ್ಟಿನಿಂದಲೇ.

ಬೆಳಿಗ್ಗೆ ಕೌಂಟರು, ಮಧ್ಯಾಹ್ನ ಪ್ಯಾಕಿಂಗು ಎಂದಾಯಿತು. ಆಪಾ ತೂಗುವುದು, ಸಾಹೇಬರು ಪಾಕೀಟಿನ ಬಾಯಿಗೆ ಬಿಸಿ ಹಾಕಿ ಮುಚ್ಚುವುದು. ಪ್ರತಿ ಪಾಕೀಟಿನ ಮೇಲೂ ತೂಕದ ಚೀಟಿ. ಆಪಾರ ಕೈಯ ಬಗ್ಗೆ ತರುಣನಿಗೆ ಎಷ್ಟು ನಂಬಿಕೆಯೆಂದರೆ ಅವನು ಒಂದು ಪಾಕೀಟನ್ನೂ ಪರೀಕ್ಷಿಸಿ ನೋಡಲಿಲ್ಲ. ಮೊದಮೊದಲು ಆರ್ಡರುಗಳು ಕಡಿಮೆ. ವೇರ್‌ಹೌಸಿನಲ್ಲಿ ಕೈಯಲ್ಲೇ ಪೆಟ್ಟಿಗೆ ಕಟ್ಟಿ ಕಳಿಸುತ್ತಿದ್ದರು. ದೀಪಾವಳಿ ಹತ್ತಿರ ಬಂತು. ರವೆ, ಕಡಲೆಬೇಳೆ, ಬೆಲ್ಲ, ಅವಲಕ್ಕಿ ಸೇರಿಸಿ ಹಬ್ಬದ ಪೆಟ್ಟಿಗೆ ಎಂದು ವೆಬ್‌ಸೈಟಿನಲ್ಲಿ ಹಾಕಿದರು. ಟೆಕ್ಸಾಸಿನಿಂದ, ನ್ಯೂಜೆರ್ಸಿಯಿಂದ, ಹೆಸರೇ ಕೇಳದ ಊರುಗಳಿಂದ ಬೇಡಿಕೆ ಬಂತು. ತರುಣ್ ಹೊಸ ಮೆಷಿನ್ ತರಿಸಿದ. ಪೆಟ್ಟಿಗೆಗಳು ಬೆಲ್ಟಿನ ಮೇಲೆ ಹೋಗುತ್ತವೆ. ಒಳಗಿರುವ ಸಾಮಾನುಗಳ ಚೀಟಿಯ ತೂಕವನ್ನೆಲ್ಲ ಕೂಡಿಸಿದರೆ ಎಷ್ಟಾಗಬೇಕೋ ಅಷ್ಟಿದ್ದರೆ ಪೆಟ್ಟಿಗೆ ಮುಂದಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಬೇರೆ ಯಾವುದೋ ಸಾಮಾನು ಒಳಗೆ ಹೋಗಿದೆ ಎಂದುಕೊಂಡು ಮೆಷಿನ್ನು ಅದನ್ನು ಪಕ್ಕಕ್ಕೆ ತಳ್ಳುತ್ತದೆ.

ಮೆಷಿನ್ ಹಾಕಿದ ದಿನ ಅದು ಎಲ್ಲ ಪೆಟ್ಟಿಗೆಗಳನ್ನೂ ಪಕ್ಕಕ್ಕೆ ತಳ್ಳಿತು.

ತರುಣ್ ಫ್ರೀವೇಯಲ್ಲಿ ಹೇಗೆ ಓಡಿಸಿಕೊಂಡು ಬಂದನೋ, ಅಂಗಡಿಗೆ ಬಂದಾಗ ಕೂದಲೆಲ್ಲ ಎದ್ದು ನಿಂತಿತ್ತು. ಕಂಕುಳಲ್ಲಿ ಪಾಕೀಟುಗಳು. ಒಂದೊಂದನ್ನೇ ಅಂಗಡಿಯ ತಕ್ಕಡಿಯ ಮೇಲಿಟ್ಟ. ನಾನು ಜೀರಿಗೆ ಕೊಳ್ಳಲು ಹೋದವಳು ಅಲ್ಲೇ ನಿಂತಿದ್ದೆ.

"ಇದು ಎರಡು ಪೌಂಡು ಅಂತಿದೆ. ಜಾಸ್ತಿ ಇದೆ. ಇದೂ ಜಾಸ್ತಿ. ಇದು ಇನ್ನೂ ಜಾಸ್ತಿ! ಆಪಾ, ಏನಾಗಿದೆ ನಿಮ್ಮ ತಕ್ಕಡಿಗೆ?"

ಜರೀನಾ ಆಪಾರ ಮುಖ ಕೆಂಪಾಯಿತು. "ನಾ ತೂಗಿದ್ದು ಸರಿ ಐತಿ. ಒಂದ್ ಕಾಳು ಹೆಚ್ಚಿಲ್ಲ." ಹೇಳಿ ಮುಗಿಸುವ ಮೊದಲೇ ಅವರಿಗೆ ಹೊಳೆಯಿತು. ನಿಧಾನವಾಗಿ ಗಂಡನ ಕಡೆ ತಿರುಗಿದರು.

ಅಖ್ತರ್ ಸಾಹೇಬರು ಕಿಟಕಿಯಿಂದ ಕೆರೆ ನೋಡುತ್ತಿದ್ದರು.

"ಏನ್ರೀ?"

"ತೂಕ ನೀ ಮಾಡ್ತಿದ್ದಿ," ಎಂದರು ಸಾಹೇಬರು. "ಬಾಯಿ ಮುಚ್ಚೂದು ನಾನಲ್ಲ?"

"ಅಂದ್ರ ಪ್ರತಿ ಪಾಕೀಟಿಗೂ?"

"ಮತ್ತ? ಹಂಗ ಹೆಂಗ ಮುಚ್ಚೂದು?"

ತರುಣ್ ಅಕ್ಕಿ ಮೂಟೆಯ ಮೇಲೆ ಕುಳಿತುಬಿಟ್ಟ. "ಸಾಹೇಬ್ರೇ, ನ್ಯೂಜೆರ್ಸಿಯವರಿಗೆ ಕೊಸರು ಯಾಕೆ? ಅವರು ಕೇಳೇ ಇಲ್ವಲ್ಲ! ಅವರಿಗೆ ನೀವ್ಯಾರು ಅಂತಾನೇ ಗೊತ್ತಿಲ್ಲ."

"ಎದುರಿಗೆ ನಿಂತವ್ರು ತಕ್ಕಡಿ ನೋಡ್ತಾರ ತಮ್ಮಾ. ಇವ್ರು ಪಾಪ ನೋಡೂದೂ ಇಲ್ಲ. ಕಾಣದವ್ರಿಗೆ ನಾ ಇನ್ನೂ ಎರಡು ಕಾಳು ಹೆಚ್ಚಿಗಿನ ಹಾಕೀನಿ."

"ಆ ಮೆಷಿನ್ನಿಗೆ ನಾನೇನು ಹೇಳ್ಲಿ?"

"ಸ್ವಲ್ಪ ದೊಡ್ಡ ಮನಸ್ಸು ಮಾಡು ಅಂತ ಹೇಳು."

ನನಗೆ ನಗು ತಡೆಯಲಾಗಲಿಲ್ಲ. ಜರೀನಾ ಆಪಾ ನನ್ನನ್ನು ನೋಡಿದ ನೋಟಕ್ಕೆ ಜೀರಿಗೆ ತೆಗೆದುಕೊಂಡು ಹೊರಟುಬಿಟ್ಟೆ. ಹಬ್ಬದ ಪೆಟ್ಟಿಗೆಗಳನ್ನು ತರುಣನ ಹುಡುಗರು ಕೈಯಲ್ಲೇ ತೆರೆದು, ಮುಚ್ಚಿ, ಹೇಗೋ ಕಳಿಸಿದರು. ಕೆಲವು ಊರುಗಳಿಗೆ ದೀಪಾವಳಿ ಕಳೆದ ಮೇಲೆ ತಲುಪಿದವು.

ತರುಣ್ ಕೆಟ್ಟ ಹುಡುಗನಲ್ಲ. ಮುಂದಿನ ವಾರ ಒಂದು ಉಪಾಯದೊಂದಿಗೆ ಬಂದ. ಬಿಳಿ ಪ್ಲಾಸ್ಟಿಕ್ಕಿನ ಒಂದು ಚಿಕ್ಕ ಅಳತೆಯ ಬಟ್ಟಲು, ಒಳಗೆ ಗೆರೆ. "ಕೊಸರು ಬೇಡ ಅಂತ ನಾನು ಹೇಳಲ್ಲ ಸಾಹೇಬ್ರೇ. ಆದ್ರೆ ಎಲ್ಲರಿಗೂ ಒಂದೇ ಹಾಕಿ. ಈ ಗೆರೆ ತನಕ. ನಾನು ಅದನ್ನ ಸಿಸ್ಟಮ್ಮಲ್ಲಿ ಹಾಕ್ಬಿಡ್ತೀನಿ. ನಿಮ್ದೂ ಆಯ್ತು, ಮೆಷಿನ್ನಿಂದೂ ಆಯ್ತು."

ಮನೆಯಲ್ಲಿ ಹೇಳಿದಾಗ ಶೇಷಗಿರಿ, "ಬ್ರಿಲಿಯಂಟ್!" ಎಂದರು. ನನಗೂ ಹಾಗೇ ಅನ್ನಿಸಿತ್ತು. ಆಪಾ ಶನಿವಾರಗಳ ಮಾತಾಡತೊಡಗಿದ್ದರು. ಯುಸ್ರಾ ತಾಯಿಗೆ ನಡೆಯಲಿಕ್ಕೆಂದು ಬಿಳಿ ಶೂಸು ತಂದುಕೊಟ್ಟಿದ್ದಳು. ಅದು ಡಬ್ಬಿಯ ಸಮೇತ ಕ್ಯಾಷ್ ರಿಜಿಸ್ಟರಿನ ಕೆಳಗೆ ಕೂತಿತ್ತು. ಯಾರಾದರೂ ಕೇಳಿದರೆ ಡಬ್ಬಿ ತೆರೆದು ತೋರಿಸುತ್ತಿದ್ದರು.

ಸಾಹೇಬರು ಬಟ್ಟಲನ್ನು ಒಪ್ಪಿಕೊಂಡರು. ಮಧ್ಯಾಹ್ನದ ಹೊತ್ತು ಹೋದರೆ ಕಾಣುತ್ತಿತ್ತು. ಬಟ್ಟಲು ತುಂಬುವುದು, ತೋರುಬೆರಳಿನಿಂದ ಗೆರೆಯ ಮಟ್ಟಕ್ಕೆ ಸವರುವುದು, ಹಾಕುವುದು, ಬಾಯಿ ಮುಚ್ಚುವುದು. ಮಾತು ಕಡಿಮೆಯಾಗಿತ್ತು. ಸುಸ್ತಿರಬೇಕು ಎಂದುಕೊಂಡೆ. ವಯಸ್ಸೂ ಆಗಿತ್ತು.

ಡಿಸೆಂಬರಿನ ಒಂದು ಬೆಳಿಗ್ಗೆ, ರಮ್ಜಾನಿನ ಉಪವಾಸದ ದಿನಗಳಲ್ಲಿ, ಕೌಂಟರಿನ ಎದುರು ಬಂಗಾರೆವ್ವ ಇದ್ದರು. ಮಗನ ಮನೆಗೆ ಆರು ತಿಂಗಳಿಗೆಂದು ರೋಣದಿಂದ ಬಂದಿದ್ದ ಮುದುಕಿ. ಇಳಕಲ್ ಸೀರೆಯ ಮೇಲೆ ಮಗನ ಜಾಕೆಟ್ಟು. ಅಮೆರಿಕದಲ್ಲಿ ಅವರಿಗೆ ಒಪ್ಪಿಗೆಯಾದ ಜಾಗ ಇದೊಂದೇ. ಅವರ ಹಿಂದೆ ನಾನು. ವಿಭಾಳಿಗೆ ಆಗ ಎರಡು ದಾಟಿತ್ತು, ಸ್ಟ್ರಾಲರ್ ಒಲ್ಲೆನೆಂದು ನನ್ನ ಕೈ ಹಿಡಿದು ನಿಂತಿದ್ದಳು. ಅವಳಿಗೂ ಆ ಅಂಗಡಿಯಲ್ಲಿ ಒಂದು ಕೊಸರಿತ್ತು. ಸಾಹೇಬರು ನನ್ನ ಚೀಲ ಮಡಚಿದ ಮೇಲೆ ಅವಳ ಅಂಗೈಗೆ ಹುರಿದ ಪುಟಾಣಿ ಕಡಲೆ ಸುರಿಯುತ್ತಿದ್ದರು, ಎರಡೂ ಅಂಗೈ ತುಂಬಿ ನೆಲಕ್ಕೆ ಚೆಲ್ಲುವ ಹಾಗೆ. ಚೆಲ್ಲಿದ್ದನ್ನು ಹೆಕ್ಕುವುದೇ ಅವಳಿಗೆ ಹಬ್ಬ. ಅವರನ್ನು ಅವಳು ಕೊಸರು ತಾತ ಎನ್ನುತ್ತಿದ್ದಳು.

ಸಾಹೇಬರು ಬಂಗಾರೆವ್ವನ ಹೆಸರುಕಾಳು ತೂಗಿದರು. ಮುಖ ತಿರುಗಿಸಿ ತೋರಿಸಿದರು. ಚೀಲ ಇಳಿಸಿದರು. ಕೈ ಡ್ರಮ್ಮಿಗೆ ಹೋಗಲಿಲ್ಲ. ಪಕ್ಕದಲ್ಲಿದ್ದ ಬಿಳಿ ಬಟ್ಟಲನ್ನು ಎತ್ತಿಕೊಂಡು, ಕಾಳು ತುಂಬಿ, ತೋರುಬೆರಳಿನಿಂದ ಸವರಿ, ಚೀಲಕ್ಕೆ ಹಾಕಿದರು. ಅವರಿಗೇ ಗೊತ್ತಾಗಲಿಲ್ಲ.

"ಇದೇನೋ ಅಖ್ತರಾ," ಎಂದರು ಬಂಗಾರೆವ್ವ, "ಡಾಕ್ಟರ ಔಷಧಿ ಕೊಟ್ಟಂಗ ಕೊಡಾಕತ್ತೀ? ನನಗೇನು ಕೆಮ್ಮ ಬಂದೈತೇನು?"

ಸಾಹೇಬರು ಬಟ್ಟಲನ್ನು ನೋಡಿದರು. ಪಕ್ಕಕ್ಕಿಟ್ಟರು. ನನ್ನ ಸರದಿ ಬಂತು. ಅರ್ಧ ಪೌಂಡು ಉದ್ದಿನಬೇಳೆ ತೂಗಿ ಕೊಟ್ಟರು. ವಿಭಾ ಎರಡೂ ಅಂಗೈ ಜೋಡಿಸಿ ಮೇಲೆತ್ತಿದಳು. ಅವರು ಪುಟಾಣಿಯ ಡಬ್ಬಕ್ಕೆ ಕೈ ಹಾಕಿದರು, ತೆಗೆದರು, ಅರ್ಧಕ್ಕೆ ನಿಂತರು. ಕೈ ಯಾವ ಅಳತೆಗೆ ಮುಚ್ಚಬೇಕೆಂದು ಮರೆತುಹೋದವರ ಹಾಗೆ. ಕೊನೆಗೆ ಅವಳ ಅಂಗೈಗೆ ಬಿದ್ದಿದ್ದು ಸ್ವಲ್ಪ. ನೆಲಕ್ಕೆ ಒಂದೂ ಚೆಲ್ಲಲಿಲ್ಲ.

"More, ತಾತ," ಎಂದಳು ವಿಭಾ.

ನಾನು ಅವಳನ್ನು ಸುಮ್ಮನಿರಿಸಲು ಬಗ್ಗಿದೆ. ಅಷ್ಟರಲ್ಲಿ ಜರೀನಾ ಆಪಾ ತಮ್ಮ ಗಿರಾಕಿಯನ್ನು ಬಿಟ್ಟು ಎದ್ದು ಬಂದರು. ಗಂಡನ ಪಕ್ಕದಲ್ಲಿದ್ದ ಬಟ್ಟಲನ್ನು ತೆಗೆದುಕೊಂಡರು. ಎಸೆಯುತ್ತಾರೇನೋ ಎಂದುಕೊಂಡೆ. ಎಸೆಯಲಿಲ್ಲ. ಹಿಂದಿನ ಸಿಂಕಿನ ಹತ್ತಿರ ಹೋಗಿ, ಪಾತ್ರೆ ತೊಳೆಯುವ ಪುಡಿಯ ಡಬ್ಬಿಯೊಳಗೆ ಅದನ್ನು ಊರಿ, ಮುಚ್ಚಳ ಹಾಕಿ ಬಂದರು. ಆ ಅಂಗಡಿಯಲ್ಲಿ ಯಾವ ವಸ್ತುವೂ ದಂಡವಾಗುವುದಿಲ್ಲ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಕನ್ನಡದಲ್ಲಿ ಶುರು ಮಾಡಿದರು.

"ತರುಣ್‌ಗ ಫೋನ್ ಮಾಡ್ತೀನಿ. ಹೊಸ ವರ್ಷದಿಂದ ನಾವು ಇಲ್ಲ ಅಂತ ಹೇಳ್ತೀನಿ."

"ನಿನ್ನ ಶನಿವಾರ?" ಎಂದರು ಸಾಹೇಬರು ಮೆಲ್ಲಗೆ.

"ಅದನ್ನ ನಿಮ್ಮ ಕಡೆಯಿಂದ ವಸೂಲ್ ಮಾಡ್ತೀನಿ. ಅಂಗಡಿ ಇರ್ಲಿ. ಕೌಂಟರ್ ಇರ್ಲಿ. ಆದ್ರ ಶನಿವಾರ ಹನ್ನೊಂದರ ಮಟಾ ಬಾಗಿಲು ತೆಗಿಯಂಗಿಲ್ಲ."

"ಶನಿವಾರ! ಗಿರಾಕಿ ಬರೂದ ಶನಿವಾರ."

"ಕಾಯ್ತಾರ."

"ಕಾಯದಿದ್ರ?"

ಆಪಾ ಬಂಗಾರೆವ್ವನ ಕಡೆ ತಿರುಗಿದರು. "ಕಾಯ್ತೀರಿಲ್ಲೋ?"

"ನಾ ಯಾಕ ಕಾಯ್ಲಿ?" ಎಂದರು ಬಂಗಾರೆವ್ವ. "ಎಂಟು ಗಂಟೇಕ ಬೇಕಂದ್ರ ಎಂಟಕ್ಕ ಬೇಕು ನನಗ."

"ನೋಡು!" ಎಂದರು ಸಾಹೇಬರು.

"ಬರ್ಲಿ ಬಿಡ್ರಿ, ಬಾಗಿಲ ಮುಂದ ಕುಂದರ್ತಾರ," ಎಂದು ಆಪಾ ಫೋನಿನ ಕಡೆ ನಡೆದರು. ಅರ್ಧ ದಾರಿಯಲ್ಲಿ ನಿಂತು, "ಆ ಕೂಸಿನ ಕೈ ತುಂಬಸ್ರಿ ಮೊದ್ಲ," ಎಂದರು.

ಸಾಹೇಬರು ತುಂಬಿಸಿದರು. ಚೆಲ್ಲಿದ ಪುಟಾಣಿಗಳನ್ನು ವಿಭಾಳ ಜೊತೆ ಹೆಕ್ಕುತ್ತ ನಾನೂ ನೆಲದ ಮೇಲೆ ಕುಳಿತೆ.

ತರುಣ್ ಬೇಜಾರು ಮಾಡಿಕೊಂಡ, ಮತ್ತೆ ಸರಿಹೋದ. ಬೇರೆ ಊರಿನಲ್ಲಿ ಪ್ಯಾಕಿಂಗಿನವರನ್ನು ಹುಡುಕಿಕೊಂಡ. ಎರಡು ಸಾವಿರದ ಒಂದರಲ್ಲಿ ಬೇರೆ ಎಷ್ಟೋ ಡಾಟ್ ಕಾಮುಗಳ ಜೊತೆ ಅವನದೂ ಮುಚ್ಚಿತು. ಈಗ ಮತ್ತೆ ಒಂದು ಆಫೀಸಿಗೆ ಹೋಗುತ್ತಾನೆ. ಬೇಳೆಗೆ ಕೆರೆ ಅಂಗಡಿಗೇ ಬರುತ್ತಾನೆ, ಸಾಹೇಬರ ಸಾಲಿನಲ್ಲೇ ನಿಲ್ಲುತ್ತಾನೆ. ಆ ಮೆಷಿನ್ನಿನ ವಿಷಯ ಸಾಹೇಬರು ಎತ್ತುವುದಿಲ್ಲ. ಚೀಲ ಮಡಚುವ ಮೊದಲು ಅವನಿಗೆ ಎರಡು ಮುಷ್ಟಿ ಹಾಕುವುದನ್ನು ಮಾತ್ರ ನಾನು ನೋಡಿದ್ದೇನೆ. ಅಂಗಡಿಯಲ್ಲಿ ದುಡಿತ ಕಡಿಮೆಯೇನೂ ಆಗಿಲ್ಲ. ಗಿಲ್‌ರಾಯಿಗೆ ಹೋಗುವುದು ಈಗಲೂ ಅಪರೂಪ. ಆದರೆ ಶನಿವಾರ ಬೆಳಗಿನ ಆ ಹೊತ್ತು ಉಳಿದಿದೆ.

ಮೊದಲ ಶನಿವಾರ ಅವರ ಜೊತೆ ನಾನೂ ಇದ್ದೆ. ದಾರಿ ತೋರಿಸಲು ಬಾ ಎಂದು ಆಪಾ ಕರೆದಿದ್ದರು. ಕೆರೆಯ ಸುತ್ತ ಇರುವುದು ಒಂದೇ ದಾರಿ, ಆದರೂ ಹೋದೆ. ಜನವರಿಯ ತಣ್ಣನೆಯ ಬಿಸಿಲು. ಮಳೆ ಬಿದ್ದು ಮಿಷನ್ ಪೀಕ್ ಗುಡ್ಡ ಹಸಿರಾಗಿತ್ತು. ಆಪಾ ಸಲ್ವಾರಿನ ಕೆಳಗೆ ಬಿಳಿ ಶೂಸು ಹಾಕಿ, ಬಾತುಗಳ ಹಿಕ್ಕೆ ತುಳಿಯದಂತೆ ನೆಲ ನೋಡಿಕೊಂಡು ನಡೆಯುತ್ತಿದ್ದರು. ಸಾಹೇಬರ ಜೇಬಿನಲ್ಲಿ ಅಂಗಡಿಯ ಬೀಗದ ಕೈಗಳು ಹೆಜ್ಜೆಹೆಜ್ಜೆಗೂ ಸದ್ದು ಮಾಡುತ್ತಿದ್ದವು. ಪ್ರತಿ ತಿರುವಿನಲ್ಲೂ ಹಿಂತಿರುಗಿ ನೋಡುತ್ತಿದ್ದರು.

"ಓಡಿ ಹೋಗೂದಿಲ್ಲ ಅದು," ಎಂದರು ಆಪಾ.

ಆಚೆ ದಡದ ವಿಲೋ ಮರಗಳ ಹತ್ತಿರ ಬಂದಾಗ ಆಪಾ ತಾವಾಗಿಯೇ ನಿಂತರು. ನೀರಿನ ಮೇಲಿಂದ, ರಸ್ತೆಯಾಚೆ, ಪ್ಲಾಜಾ ಕಾಣುತ್ತಿತ್ತು. ಲಾಂಡ್ರಿ, ಹಲ್ಲಿನ ಡಾಕ್ಟರು, ಡೋನಟ್ಟು, ಕೊನೆಗೆ ಬೆರಳಿನ ಉಗುರಿನಷ್ಟು ಅಗಲದ ಒಂದು ಬಾಗಿಲು.

"ಅಷ್ಟ ಸಣ್ಣದೇನ್ರೀ ಅದು?" ಎಂದರು ಆಪಾ. "ಒಳಗ ನಿಂತ್ರ ಮುಗಿಯೂದ ಇಲ್ಲ ಅನಸ್ತೈತಿ."

ಸಾಹೇಬರು ಬಹಳ ಹೊತ್ತು ನೋಡಿದರು. "ನಮ್ಮ ಅಬ್ಬಾಂದೂ ಆಚೆ ದಡಿಯಿಂದ ನೋಡಿದ್ರ ಹಿಂಗ ಕಾಣ್ತಿತ್ತು," ಎಂದರು. ಆಮೇಲೆ ಹಿಂತಿರುಗಿ ನೋಡುವುದನ್ನು ಬಿಟ್ಟರು. ವಿಭಾ ಬಾತುಗಳನ್ನು ಅಟ್ಟಿಸಿಕೊಂಡು ಹೋದಳು. ಅವಳ ಹಿಂದೆ ಬೀಗದ ಕೈಗಳ ಸದ್ದು ಮಾಡುತ್ತ ಅವರು ಓಡಿದರು.

ಸುತ್ತು ಮುಗಿಸಿ ರಸ್ತೆ ದಾಟುವ ಜಾಗಕ್ಕೆ ಬಂದೆವು. ಆಪಾ ದಾಟಲಿಲ್ಲ. ಸುತ್ತು ಶುರು ಮಾಡಿದ್ದ ಬೆಂಚನ್ನೂ ದಾಟಿ ಮುಂದಕ್ಕೆ ನಡೆದರು.

"ಮುಗೀತಲ್ಲ?" ಎಂದು ಸಾಹೇಬರು ಕೂಗಿದರು.

"ಮುಗೀತು. ಇದು ಮ್ಯಾಲಿಂದು," ಎಂದು ಆಪಾ ತಿರುಗಿ ನೋಡದೆ ಹೇಳಿ, ಮುಂದಿನ ಮರದ ತನಕ ಹೋಗಿ, ಅದನ್ನು ಮುಟ್ಟಿ ವಾಪಸು ಬಂದರು.

ಅಂಗಡಿಯ ಮುಂದೆ ಜನ ಸೇರಿದ್ದರು. ಡೋನಟ್ ಅಂಗಡಿಯವನು ಬಂಗಾರೆವ್ವನಿಗೆ ಒಂದು ಕುರ್ಚಿ ಹಾಕಿಕೊಟ್ಟಿದ್ದ. ಜಾಕೆಟ್ಟಿನ ಜೇಬಿನಲ್ಲಿ ಕೈಯಿಟ್ಟುಕೊಂಡು ಅವರು ಬಿಸಿಲು ಕಾಯಿಸುತ್ತ ಕೂತಿದ್ದರು. ಸಾಹೇಬರು ಬೀಗ ತೆಗೆಯುವ ತನಕ ಸುಮ್ಮನಿದ್ದು, ಬಾಗಿಲು ತೆರೆದ ಕೂಡಲೇ ಎಲ್ಲರಿಗಿಂತ ಮುಂದೆ ಒಳಗೆ ನುಗ್ಗಿದರು.

"ಇಷ್ಟೊತ್ತು ಕುಂದರಿಸಿದ್ದಕ್ಕ ಇವತ್ತ ಎರಡು ಮುಷ್ಟಿ ಹಾಕ್ಬೇಕು ನೋಡಪಾ," ಎಂದರು. "ಮತ್ತ ಆ ಬಟ್ಟಲಾ ಗಿಟ್ಟಲಾ ತಂದ್ರ ನೋಡು."